ಸ್ವಾಮಿ ಎಲ್ಲಿ ಹೋದ ಎಂದು ಕೇಳುವವರಿಗೆ

ಮೊನ್ನೆ ನಮ್ಮ ಓಣಿಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಯಾರೋ ಜೋಡಿ ಫೋಟೊ ಹಾಕಿದ್ದರು. ಎಡಗಡೆ ‘ಮಾಲ್ಗುಡಿ ಡೇಸ್’ ಟೀವಿ ಧಾರಾವಾಹಿಯ ಹುಡುಗ ಸ್ವಾಮಿ, ಬಲಗಡೆ ಆ ಪಾತ್ರ ಮಾಡಿದ್ದ ಮಂಜುನಾಥ್ ಈಗಿರುವ ಹಾಗೆ. ಕೆಳಗೆ ‘ಹೇಗಿದ್ದವನು ಹೇಗಾದ ನೋಡಿ’ ಎಂಬ ಸಾಲು, ಅದರ ಕೆಳಗೆ ಅಳುವ ಮುಖಗಳ ಸಾಲು. ನನಗೆ ರೇಗಿತು. 1976ರಲ್ಲಿ ಹುಟ್ಟಿದ ಮನುಷ್ಯ ಐವತ್ತರ ಆಸುಪಾಸಿನವನ ಹಾಗೆ ಕಾಣುವುದರಲ್ಲಿ ಅಳುವಂಥದ್ದೇನಿದೆ? ಫೋಟೊ ಹಾಕಿದ ಮಹಾಶಯರ ತಲೆಯಲ್ಲಿ ನಾಲ್ಕು ಕೂದಲು ಉಳಿದಿಲ್ಲ. ಅವರನ್ನು ನೋಡಿ ಯಾರಾದರೂ ಅತ್ತಿದ್ದಾರೆಯೇ?

ಮೊದಲಿಗೆ ನಮ್ಮ ಸೀಮೆಯ ಟೀವಿಯ ಮಾತು ಹೇಳಿಬಿಡುತ್ತೇನೆ. ಬೆಂಗಳೂರಿನವರು ನಕ್ಕರೂ ಸರಿ, ಟೀವಿ ಅವರಿಗಿಂತ ಮೊದಲು ನಮ್ಮ ಕಡೆಗೆ ಬಂದಿತ್ತು. 1975ರ ಆಗಸ್ಟ್ 1ರಂದು ಶುರುವಾದ ಉಪಗ್ರಹ ಟೀವಿ ಪ್ರಯೋಗಕ್ಕೆ ಕರ್ನಾಟಕದಲ್ಲಿ ಆರಿಸಿದ್ದು ರಾಯಚೂರು, ಗುಲ್ಬರ್ಗ, ವಿಜಾಪುರ ಜಿಲ್ಲೆಗಳ ಹಳ್ಳಿಗಳನ್ನು. ನಮ್ಮ ಕೊಪ್ಪಳ ಆಗಿನ್ನೂ ರಾಯಚೂರು ಜಿಲ್ಲೆಯಲ್ಲೇ ಇತ್ತು. ಉಪಗ್ರಹ ಅಮೆರಿಕದವರದು. ವರ್ಷ ತುಂಬುತ್ತಲೇ ವಾಪಸು ಸರಿಸಿಕೊಂಡರು. ತವರಿನವರು ಬಂದು ಸೊಸೆಯನ್ನು ಕರೆದುಕೊಂಡು ಹೋದ ಹಾಗಾಯಿತು ಎಂದು ನಮ್ಮಪ್ಪ ಹೇಳುತ್ತಿದ್ದರು.

ನಾನು ಟೀವಿ ನೋಡಲು ಕುಳಿತದ್ದು ಅದಾಗಿ ಹತ್ತು ವರ್ಷ ಕಳೆದ ಮೇಲೆ, ಓಣಿಗೆಲ್ಲ ಒಂದೇ ಎನ್ನುವಂತಿದ್ದ ಕಪ್ಪು ಬಿಳುಪು ಪೆಟ್ಟಿಗೆಯ ಮುಂದೆ. ಅದಕ್ಕೆ ಎರಡು ಮರದ ಬಾಗಿಲು, ಬಾಗಿಲಿಗೆ ಬೀಗ. ದೂರದರ್ಶನದಲ್ಲಿ ‘ಮಾಲ್ಗುಡಿ ಡೇಸ್’ ಬರುತ್ತಿದ್ದದ್ದು ಹಿಂದಿಯಲ್ಲಿ. ಪಕ್ಕದ ಮನೆಯ ಉರ್ದು ಮಾತನಾಡುವ ಅಕ್ಕ ಒಂದು ಕಣ್ಣು ಪರದೆಯ ಮೇಲಿಟ್ಟು ನಮಗೆಲ್ಲ ಕನ್ನಡದಲ್ಲಿ ಹೇಳುತ್ತಿದ್ದಳು. ಅವಳಿಗೆ ತಿಳಿಯದ ಕಡೆ ತಾನೇ ಕತೆ ಕಟ್ಟುತ್ತಿದ್ದಳೆಂದು ನನಗೆ ಗೊತ್ತಾದದ್ದು ಬಹಳ ಕಾಲದ ಮೇಲೆ. ಆಗುಂಬೆಯಲ್ಲಿ ಚಿತ್ರೀಕರಿಸಿದ ಆ ಹಸಿರೆಲ್ಲ ನಮಗೆ ಕಂಡದ್ದು ಬೂದು ಬಣ್ಣದಲ್ಲಿ. ಆದರೆ ಅಪ್ಪನ ಮುಂದೆ ನಿಂತ ಸ್ವಾಮಿ ಉಗುಳು ನುಂಗುವುದು ಮಾತ್ರ ಸ್ಪಷ್ಟವಾಗಿ ಕಾಣುತ್ತಿತ್ತು. ಅಪ್ಪನಾಗಿದ್ದವರು ಗಿರೀಶ್ ಕಾರ್ನಾಡ್. ಅಂಥವರ ಎದುರು ನಿಂತು ಹತ್ತು ವರ್ಷದ ಹುಡುಗನೊಬ್ಬ ಇಡೀ ದೃಶ್ಯವನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತಿದ್ದ. ಹುಡುಗನಿಗೆ ಬುದ್ಧಿ ಇದ್ದಷ್ಟೇ, ಅದನ್ನು ಕಂಡುಹಿಡಿದ ನಿರ್ದೇಶಕ ಶಂಕರ್ ನಾಗ್ ಅವರಿಗೂ ಇತ್ತು.

1990ರಲ್ಲಿ ‘ಅಗ್ನಿಪಥ್’ ಹಿಂದಿ ಸಿನಿಮಾ ಬಂತು. ಅಮಿತಾಭ್ ಬಚ್ಚನ್ ಪಾತ್ರದ ಬಾಲ್ಯಕ್ಕೆ ಇದೇ ಮಂಜುನಾಥ್. ಅದೇ ವರ್ಷ ಸೆಪ್ಟೆಂಬರ್ 30ರಂದು ದಾವಣಗೆರೆ ಹತ್ತಿರದ ಅಪಘಾತದಲ್ಲಿ ಶಂಕರ್ ನಾಗ್ ಹೋದರು. ಮುಂದೆ ಕೆಲವು ವರ್ಷಗಳಲ್ಲಿ ಮಂಜುನಾಥ್ ನಟನೆ ಬಿಟ್ಟರು, ಓದಿದರು, ಬೆಂಗಳೂರಿನಲ್ಲಿ ಸಾರ್ವಜನಿಕ ಸಂಪರ್ಕದ ಕೆಲಸ ಹಿಡಿದರು. ಇಷ್ಟೇ. ಇದರಲ್ಲಿ ದುರಂತ ಎಲ್ಲಿದೆ ಎಂದು ನಾನು ಹುಡುಕುತ್ತಲೇ ಇದ್ದೇನೆ. ನಮ್ಮ ಮಕ್ಕಳು ಓದಿ ನೌಕರಿ ಹಿಡಿದರೆ ಗವಿಮಠಕ್ಕೆ ಹೋಗಿ ಕಾಯಿ ಒಡೆಸುತ್ತೇವೆ. ಸ್ವಾಮಿ ನೌಕರಿ ಹಿಡಿದರೆ ‘ಪಾಪ, ಎಲ್ಲಿ ಕಾಣೆಯಾದನೋ’ ಎನ್ನುತ್ತೇವೆ.

ಶಿವಮೊಗ್ಗ ಜಿಲ್ಲೆಯ ಅರಸಾಳು ರೈಲು ನಿಲ್ದಾಣ ಆ ಧಾರಾವಾಹಿಯಲ್ಲಿ ಮಾಲ್ಗುಡಿ ನಿಲ್ದಾಣವಾಗಿತ್ತು. ಈಗ ಅಲ್ಲಿ ಮಾಲ್ಗುಡಿ ಮ್ಯೂಸಿಯಂ ಮಾಡಿದ್ದಾರೆ. ನಾನೂ ಹೋಗಿ ಫೋಟೊ ತೆಗೆಸಿಕೊಂಡು ಬಂದವನೇ. ಕಟ್ಟಡಕ್ಕೆ ಸುಣ್ಣ ಬಣ್ಣ ಹೊಡೆದು ಅಂದಿನ ಹಾಗೆ ನಿಲ್ಲಿಸಿದರೆ ತಪ್ಪಿಲ್ಲ, ಕಟ್ಟಡಕ್ಕೆ ಮೀಸೆ ಬರುವುದಿಲ್ಲ.

ಇಷ್ಟೆಲ್ಲ ರೇಗುವುದಕ್ಕೆ ನನ್ನದೇ ಒಂದು ಕಾರಣವಿದೆ. ನಮ್ಮ ಓಣಿಯಲ್ಲೂ ಒಬ್ಬ ಇದ್ದಾನೆ. ಹೆಸರು ಬೇಡ. ಎಂಟು ವರ್ಷದವನಿದ್ದಾಗ ಟೀವಿಯ ಮಕ್ಕಳ ಸ್ಪರ್ಧೆಯೊಂದಕ್ಕೆ ಆಯ್ಕೆಯಾಗಿ ಕೆಲವು ವಾರ ಕಾಣಿಸಿಕೊಂಡ. ನಮ್ಮ ಕಡೆಯ ಮಾತಿನಲ್ಲಿ ಮುದುಕನ ಹಾಗೆ ಬೈಯುವುದು ಅವನ ಐಟಂ. ತೀರ್ಪುಗಾರರು ಹೊಟ್ಟೆ ಹಿಡಿದುಕೊಂಡು ನಕ್ಕರು, ಕೊಪ್ಪಳದ ಅಶೋಕ ವೃತ್ತದಲ್ಲಿ ಆಳೆತ್ತರದ ಫ್ಲೆಕ್ಸ್ ನಿಂತಿತು. ಫ್ಲೆಕ್ಸಿನಲ್ಲಿ ಅವನಿಗಿಂತ ದೊಡ್ಡದಾಗಿ ಶುಭ ಕೋರುವವರ ಮುಖಗಳಿದ್ದವು, ಆ ಮಾತು ಬೇರೆ.

ಕಳೆದ ವರ್ಷ ಒಂದು ಮದುವೆಯ ಆರತಕ್ಷತೆಯಲ್ಲಿ ಅವನನ್ನು ಕಂಡೆ. ಪಿಯುಸಿ ಹುಡುಗ, ನನಗಿಂತ ಎತ್ತರ ಬೆಳೆದಿದ್ದಾನೆ. ನಿರೂಪಣೆ ಮಾಡುತ್ತಿದ್ದವನು ಗುರುತು ಹಿಡಿದು ಕೈಗೆ ಮೈಕ್ ತುರುಕಿದ: ‘ಅದನ್ನೇ ಒಂದು ಸಲ ಹೇಳು.’ ಹುಡುಗ ಎರಡು ಸಲ ತಲೆ ಅಲ್ಲಾಡಿಸಿದ. ಎಲ್ಲರೂ ಚಪ್ಪಾಳೆ ಹೊಡೆದರು. ಹೇಳಿದ. ಒಡೆದ ಗಂಟಲಿನಲ್ಲಿ ಆ ಮಾತು ತಮಾಷೆಯಾಗಲೇ ಇಲ್ಲ, ನಿಜವಾಗಿ ಬೈದ ಹಾಗೆ ಕೇಳಿಸಿತು. ಯಾರೋ ‘ಮೊದಲಿನ ಮಜಾ ಇಲ್ಲ’ ಎಂದರು, ಮೈಕಿಗೆ ಕೇಳುವಷ್ಟು ಜೋರಾಗಿ. ಅವನು ಕಾಲ ಹೆಬ್ಬೆರಳಿನಿಂದ ಜಮಖಾನದ ಅಂಚನ್ನು ಮಡಚುತ್ತ ನಿಂತಿದ್ದ. ಚಪ್ಪಾಳೆ ಹೊಡೆದವರಲ್ಲಿ ನಾನೂ ಇದ್ದೆ.

ಕಾನೂನು ಇಲ್ಲವೆಂದಲ್ಲ. 2016ರಲ್ಲಿ ಬಾಲಕಾರ್ಮಿಕ ಕಾಯ್ದೆ ತಿದ್ದಿದರು, ಮರು ವರ್ಷ ನಿಯಮಗಳು ಬಂದವು. ಬಾಲ ಕಲಾವಿದರನ್ನು ದಿನಕ್ಕೆ 5 ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ, ಬಿಡುವಿಲ್ಲದೆ 3 ಗಂಟೆ ದಾಟುವಂತಿಲ್ಲ, ಸತತ 27 ದಿನ ಮೀರುವಂತಿಲ್ಲ. ಚಿತ್ರೀಕರಣ ನಡೆಯುವ ಜಿಲ್ಲೆಯ ಜಿಲ್ಲಾ ಮ್ಯಾಜಿಸ್ಟ್ರೇಟರ ಅನುಮತಿ ಬೇಕು. ಗಳಿಕೆಯಲ್ಲಿ ಕನಿಷ್ಠ ಶೇ 20 ಭಾಗ ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಮಗುವಿನ ಹೆಸರಿನಲ್ಲಿ ಠೇವಣಿಯಾಗಬೇಕು, ಅದು ಮಗುವಿನ ಕೈಸೇರುವುದು ವಯಸ್ಕನಾದ ಮೇಲೆ. ಮಗುವಿಗೆ ಇಷ್ಟವಿಲ್ಲದಿದ್ದರೆ ಕ್ಯಾಮೆರಾ ಮುಂದೆ ನಿಲ್ಲಿಸುವಂತೆಯೇ ಇಲ್ಲ. ಆಡಿಷನ್ ಎಂದು ಮಕ್ಕಳನ್ನು ರಾತ್ರಿ ಬಸ್ಸಿಗೆ ಹತ್ತಿಸುವ ಅಪ್ಪ ಅಮ್ಮಂದಿರೇ, ಆ ಠೇವಣಿಯ ಮಾತನ್ನು ಮೊದಲ ದಿನವೇ ಕೇಳಿ. ಸಂಕೋಚ ಬೇಡ. ಈ ಹುಡುಗನ ಅಪ್ಪನನ್ನು ನಾನು ಕೇಳಿದೆ. ಹೋಗಿ ಬರುವ ಖರ್ಚು ಕೊಟ್ಟರು, ಒಂದು ಸೈಕಲ್ ಕೊಟ್ಟರು ಎಂದರು.

ಆದರೆ ಮದುವೆ ಮಂಟಪದಲ್ಲಿ ಕೈಗೆ ಮೈಕ್ ತುರುಕುವವನಿಗೆ ಯಾವ ನಿಯಮ? ಅವನು ನಿರ್ಮಾಪಕನಲ್ಲ. ಅವನು ನಾವೇ.

ಈ ಸುಗ್ಗಿಯಲ್ಲಿ ಆ ಹುಡುಗನ ಮನೆಯವರ ಹೊಲದ ಕಡೆ ಹೋಗಿದ್ದೆ. ಮೋಡ ಕವಿದಿತ್ತು. ಅಪ್ಪ ಮಗ ಇಬ್ಬರೂ ಮೆಕ್ಕೆಜೋಳದ ರಾಶಿಗೆ ಅವಸರದಲ್ಲಿ ಹೊದಿಕೆ ಹಾಕುತ್ತಿದ್ದರು. ಒಂದು ತುದಿ ನಾನೂ ಹಿಡಿದೆ. ದಪ್ಪ ಫ್ಲೆಕ್ಸ್, ಮೇಲೆ ಬರೀ ಬಿಳಿ. ಗಾಳಿಗೆ ಅಂಚು ಎದ್ದಾಗ ಒಳಗಡೆ ಬಣ್ಣ ಕಂಡಿತು, ಅರ್ಧ ಕೆನ್ನೆ, ಒಂದು ಮೈಕು.

‘ಅದೇ ಏನೋ?’ ಎಂದೆ.

‘ಹೂಂ ಸರ್. ಮುಖ ಕೆಳಗೆ ಮಾಡಿ ಹಾಕಿದರೆ ನೀರು ಇಳಿಯುವುದಿಲ್ಲ’ ಎಂದ. ಅಂಚಿನ ಮೇಲೆ ಒಂದು ಕಲ್ಲು ಹೇರಿ ಇನ್ನೊಂದು ಕಲ್ಲು ತರಲು ಹೋದ.