ತಿಪ್ಪೆಗೂ ನೀರಡಿಕೆ ಆಗುತ್ತದೆ

ನಮ್ಮ ರಾಯಚೂರಿನಲ್ಲಿ ಯುಗಾದಿ ಹತ್ತಿರ ಬಂತೆಂದರೆ ಬೇವಿನ ಮರಗಳು ಎಲೆ ಉದುರಿಸುತ್ತವೆ. ಬೆಳಿಗ್ಗೆ ಎದ್ದು ಅಂಗಳ ಗುಡಿಸುವುದು, ಮೂಲೆಗೆ ಗುಡ್ಡೆ ಹಾಕುವುದು, ಕಡ್ಡಿ ಗೀರುವುದು. ಓಣಿ ತುಂಬ ಹೊಗೆ. ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ ನನಗೆ. ನಾವು ಸುಡುತ್ತಿರುವುದು ಗೊಬ್ಬರ ರೀ!

"ಮಾಡಿ ನೋಡಿದೆವು, ನಮ್ಮ ಬಿಸಿಲಿಗೆ ಗೊಬ್ಬರ ಆಗಲ್ಲ" ಅನ್ನುವವರೂ ಸಿಗುತ್ತಾರೆ. ಅವರ ಮಾತು ಸುಳ್ಳಲ್ಲ. ನನ್ನ ಮೊದಲ ತಿಪ್ಪೆಯೂ ಹಾಗೇ ಆಗಿತ್ತು. ಮಳೆ ಸುರಿಯುವ ಊರಿನವರ ವಿಡಿಯೋ ನೋಡಿ, ನೀರು ಜಾಸ್ತಿ ಆದರೆ ನಾರುತ್ತದೆ ಅಂತ ಹೆದರಿ, ಒಂದು ಹನಿಯೂ ಹಾಕಿರಲಿಲ್ಲ. ಮೂರು ತಿಂಗಳು ಬಿಟ್ಟು, ಮೇ ತಿಂಗಳಲ್ಲಿ ಕೆದಕಿದರೆ ಬಾಳೆಹಣ್ಣಿನ ಸಿಪ್ಪೆ ಸಂಡಿಗೆಯಂತೆ ಒಣಗಿ ಕೂತಿತ್ತು. ಬೇವಿನ ಎಲೆ ಹಾಕಿದ್ದು ಹಾಕಿದಂತೆಯೇ ಇತ್ತು. ಒಳಗೆಲ್ಲ ಇರುವೆ. ಅವ್ವ ಒಂದು ಹಿಡಿ ತೆಗೆದು ನೋಡಿ, "ಅದಕ್ಕೂ ನೀರಡಿಕಿ ಆಗ್ತದಪ್ಪ" ಅಂದಳು.

ಎಲೆ ಕೊಳೆಸುವ ಸೂಕ್ಷ್ಮಜೀವಿಗಳು ತೇವ ಇಲ್ಲದೆ ಕೆಲಸ ಮಾಡುವುದಿಲ್ಲ. ನಮ್ಮಲ್ಲಿ 40 ಡಿಗ್ರಿ ದಾಟುವ ಬಿಸಿಲು ಮೇಲಿನಿಂದ ಹೀರುತ್ತದೆ. ಆ ಜೀವಿಗಳ ಕೆಲಸಕ್ಕೆ ತಿಪ್ಪೆ ಕಾದರೆ ಒಳಗಿನಿಂದಲೂ ತೇವ ಆವಿಯಾಗಿ ಹೋಗುತ್ತದೆ. 1924ರಿಂದ 1931ರವರೆಗೆ ಇಂದೋರ್‌ನಲ್ಲಿದ್ದು ಕಾಂಪೋಸ್ಟ್ ಪದ್ಧತಿ ರೂಪಿಸಿದ ಆಲ್ಬರ್ಟ್ ಹೋವರ್ಡ್ ಕೂಡ, ಮಗುಚುವಾಗ ನೀರು ಹಾಕಬೇಕು ಅಂತಲೇ ಹೇಳಿದ್ದರು.

ಈಗ ನನ್ನ ತಿಪ್ಪೆ ಬೇವಿನ ಮರದ ನೆರಳಲ್ಲೇ ಇದೆ. ಮೂರಡಿ ಅಗಲ, ಮೂರಡಿ ಎತ್ತರ. ಅದಕ್ಕಿಂತ ಚಿಕ್ಕದಾದರೆ ಕಾವು ನಿಲ್ಲುವುದಿಲ್ಲ. ಒಂದು ಬಕೆಟ್ ಅಡುಗೆಮನೆ ಸಿಪ್ಪೆಗೆ ಮೂರು ಬಕೆಟ್ ಒಣ ಎಲೆ, ನಡುನಡುವೆ ಸ್ವಲ್ಪ ಸಗಣಿ. ಅಕ್ಕಿ, ಬೇಳೆ ತೊಳೆದ ನೀರೆಲ್ಲ ಅದಕ್ಕೇ. ಮೇಲೆ ಹಳೇ ಗೋಣಿಚೀಲ ನೆನೆಸಿ ಹೊದಿಸುತ್ತೇನೆ. ವಾರಕ್ಕೊಮ್ಮೆ ಮಗುಚುವಾಗ ಒಳಗಿನಿಂದ ಒಂದು ಹಿಡಿ ತೆಗೆದು ಬಿಗಿಯಾಗಿ ಹಿಂಡುತ್ತೇನೆ. ಒಂದೆರಡು ಹನಿ ಬಂದರೆ ಸರಿ. ನೀರು ಸುರಿದರೆ ಇನ್ನಷ್ಟು ಒಣ ಎಲೆ ಬೇಕು. ಏನೂ ಬರದಿದ್ದರೆ ಕೊಡ ತರಬೇಕು, ಅಷ್ಟೇ.

ಭತ್ತದ ಹೊಟ್ಟು ಮಾತ್ರ ಜಾಸ್ತಿ ಹಾಕಬೇಡಿ. ನಮ್ಮಲ್ಲಿ ರೈಸ್ ಮಿಲ್‌ಗಳು ಬೇಕಾದಷ್ಟಿವೆ, ಸುಲಭವಾಗಿ ಸಿಗುತ್ತದೆ. ಆದರೆ ಅದರಲ್ಲಿ ಸಿಲಿಕಾ ಜಾಸ್ತಿ, ಬೇಗ ಕೊಳೆಯಲ್ಲ.

ನಿನ್ನೆ ಕಬ್ಬಿಣದ ಸಲಾಕೆಯನ್ನು ತಿಪ್ಪೆಯ ನಡುವಿಗೆ ಚುಚ್ಚಿ, ಹತ್ತು ನಿಮಿಷ ಬಿಟ್ಟು ತೆಗೆದೆ. ತುದಿ ಕೈಯಲ್ಲಿ ಹಿಡಿಯಲಾಗದಷ್ಟು ಬಿಸಿ. ಅವ್ವನಿಗೂ ಮುಟ್ಟಿಸಿದೆ. ಸೆರಗಿನಲ್ಲಿ ಕೈ ಒರೆಸಿಕೊಂಡು ನಕ್ಕಳು.

ನಮ್ಮ ಓಣಿಯವರಲ್ಲಿ ಒಂದೇ ವಿನಂತಿ. ಈ ಸಲ ಎಲೆಗೆ ಕಡ್ಡಿ ಗೀರಬೇಡಿ. ನಿಮಗೆ ಬೇಡವಾದರೆ ಚೀಲಕ್ಕೆ ತುಂಬಿ ನಮ್ಮ ಗೇಟಿನ ಹತ್ತಿರ ಇಟ್ಟು ಹೋಗಿ, ನಾನು ಒಳಗೆ ತಗೊಳ್ತೀನಿ.