ಎರಡನೆಯ ‘ಸ್ಪೈಡರ್‌ಮ್ಯಾನ್’ ಮೊದಲನೆಯದನ್ನು ಮೀರಿಸಿತೇ?

ಪರ

ಮೀರಿಸಿತು, ಅದರಲ್ಲಿ ಎರಡು ಮಾತಿಲ್ಲ. 2002ರ ಚಿತ್ರದಲ್ಲಿ ನಿರ್ದೇಶಕ ಸ್ಯಾಮ್ ರೈಮಿ ಒಬ್ಬ ಹುಡುಗನ ಕೈಗೆ ಶಕ್ತಿ ಕೊಟ್ಟರು. ಆ ಶಕ್ತಿಗೆ ಅವನು ತೆರುವ ಬೆಲೆ ಏನೆಂದು ತೋರಿಸಿದ್ದು 2004ರಲ್ಲಿ. ಸ್ಪೈಡರ್‌ಮ್ಯಾನ್ ಆದ ಆ ಹುಡುಗ ಪೀಟರ್ ಪಾರ್ಕರ್ ಹತ್ತಿರ ಬಾಡಿಗೆಗೆ ದುಡ್ಡಿಲ್ಲ. ಪಿಜ್ಜಾ ತಡವಾಗಿ ತಲುಪಿಸಿ ಕೆಲಸ ಕಳೆದುಕೊಳ್ಳುತ್ತಾನೆ. ಅವನು ಪ್ರೀತಿಸುವ ಮೇರಿ ಜೇನ್‌ಳ ನಾಟಕಕ್ಕೂ ತಡ, ಬಾಗಿಲಲ್ಲೇ ತಡೆದು ವಾಪಸು ಕಳಿಸುತ್ತಾರೆ. ಊರು ಕಾಯುವವನಿಗೆ ತನ್ನ ಬದುಕು ನೋಡಿಕೊಳ್ಳಲು ಪುರುಸೊತ್ತಿಲ್ಲ.

ಖಳನಾಯಕನನ್ನೇ ನೋಡಿ. ಮೊದಲ ಚಿತ್ರದ ಗ್ರೀನ್ ಗಾಬ್ಲಿನ್‌ಗೆ ಅಲುಗಾಡದ ಮುಖವಾಡ. ವಿಲೆಮ್ ಡಫೋರಂಥ ನಟನ ಮುಖವೇ ಕಾಣಿಸದು. ಎರಡನೆಯದರ ಖಳ ಡಾಕ್ಟರ್ ಆಕ್ಟೋಪಸ್ ಆದ ಆಲ್ಫ್ರೆಡ್ ಮೊಲಿನಾ ಮುಖಕ್ಕೆ ಮರೆಯೇ ಇಲ್ಲ. ಹೆಂಡತಿಯನ್ನು ಕಳೆದುಕೊಂಡವನ ಸಂಕಟವೂ ಹಟವೂ ಅಲ್ಲಿ ಎದ್ದು ಕಾಣುತ್ತವೆ. ಬೆನ್ನಿನ ನಾಲ್ಕು ಲೋಹದ ತೋಳುಗಳನ್ನು ಹಲವು ದೃಶ್ಯಗಳಲ್ಲಿ ಬೊಂಬೆಯಾಟದವರು ಕೈಯಾರೆ ಆಡಿಸಿದ್ದಾರೆ, ಹಾಗಾಗಿಯೇ ಅವುಗಳಿಗೆ ಜೀವ ಬಂದಿದೆ. ದೃಶ್ಯ ಪರಿಣಾಮಗಳಿಗಾಗಿ ಚಿತ್ರಕ್ಕೆ ಆಸ್ಕರ್ ಕೂಡ ಬಂತು.

ಆದರೆ ನನ್ನ ಮಟ್ಟಿಗೆ ಚಿತ್ರದ ಎತ್ತರ ಇರುವುದು ಹೊಡೆದಾಟದಲ್ಲಲ್ಲ. ಬೆನ್ ಚಿಕ್ಕಪ್ಪನ ಸಾವಿಗೆ ತಾನೇ ಕಾರಣ ಎಂದು ಪೀಟರ್ ಮೇ ಚಿಕ್ಕಮ್ಮನ ಮುಂದೆ ಒಪ್ಪಿಕೊಳ್ಳುತ್ತಾನೆ. ಆಕೆ ಬೈಯುವುದಿಲ್ಲ, ಅಳುವುದಿಲ್ಲ. ಅವನ ಕೈಯಿಂದ ತನ್ನ ಕೈ ಬಿಡಿಸಿಕೊಂಡು, ಎದ್ದು ಮಹಡಿ ಹತ್ತುತ್ತಾಳೆ. ರೋಸ್‌ಮೇರಿ ಹ್ಯಾರಿಸ್ ಮಾತೇ ಆಡದೆ ಮಾಡಿದ ಈ ಅಭಿನಯದ ಮುಂದೆ ಮೊದಲ ಚಿತ್ರದ ಯಾವ ದೃಶ್ಯವೂ ನಿಲ್ಲದು.

ವಿರೋಧ

ಮೇ ಚಿಕ್ಕಮ್ಮ ಕೈ ಬಿಡಿಸಿಕೊಂಡಾಗ ನಮ್ಮ ಕರುಳು ಚುರುಕ್ ಎನ್ನುವುದು ಏಕೆ? ಪೀಟರ್ ಮಾಡಿದ್ದನ್ನು ನಾವು ಮೊದಲ ಚಿತ್ರದಲ್ಲಿ ಕಣ್ಣಾರೆ ಕಂಡಿರುವುದರಿಂದ. ಕುಸ್ತಿ ಕಣದಲ್ಲಿ ಮೂರು ನಿಮಿಷಕ್ಕೆ 3000 ಡಾಲರ್ ಎಂದು ಆಸೆ ತೋರಿಸಿದ ಆಯೋಜಕ, ಎರಡೇ ನಿಮಿಷದಲ್ಲಿ ಗೆದ್ದೆಯೆಂಬ ನೆಪ ಹೇಳಿ ಗೆದ್ದು ಬಂದವನ ಕೈಗೆ 100 ಡಾಲರ್ ಇಟ್ಟು ಸಾಗಹಾಕುತ್ತಾನೆ. ಮರುಗಳಿಗೆ ಅದೇ ಆಯೋಜಕನ ಹಣ ದೋಚಿಕೊಂಡು ಕಳ್ಳನೊಬ್ಬ ಓಡಿ ಬರುತ್ತಾನೆ. ಪೀಟರ್ ಪಕ್ಕಕ್ಕೆ ಸರಿದು ದಾರಿ ಬಿಡುತ್ತಾನೆ. ಆ ಕ್ಷಣ ನಾವೂ ಅವನ ಕಡೆಗೇ ಇರುತ್ತೇವೆ, ‘ಮೋಸಗಾರನಿಗೆ ಹೀಗೇ ಆಗಬೇಕು’ ಎಂದುಕೊಳ್ಳುತ್ತೇವೆ. ಆಮೇಲೆ, ಅವನು ಬಿಟ್ಟ ಆ ಕಳ್ಳನಿಂದಾಗಿ ಬೀದಿಯಲ್ಲಿ ಬಿದ್ದ ಬೆನ್ ಚಿಕ್ಕಪ್ಪ ಕಾಣುತ್ತಾರೆ. ತಪ್ಪಿನಲ್ಲಿ ಪ್ರೇಕ್ಷಕನನ್ನೂ ಪಾಲುದಾರನನ್ನಾಗಿ ಮಾಡುವ ಈ ಕಸುಬುಗಾರಿಕೆ ಎರಡನೆಯ ಚಿತ್ರದಲ್ಲಿ ಎಲ್ಲಿದೆ? ಅದು ಮೊದಲನೆಯದು ಕೂಡಿಟ್ಟ ಗಂಟನ್ನು ಬಿಚ್ಚಿ ಖರ್ಚು ಮಾಡಿತು, ಅಷ್ಟೆ.

ಮುಖವಾಡದ ಆಕ್ಷೇಪ ಸರಿಯೇ. ಆದರೆ ಕನ್ನಡಿಯ ಮುಂದೆ ಡಫೋ ಒಬ್ಬರೇ ಇಬ್ಬರಾಗಿ ಮಾತಾಡುವ ದೃಶ್ಯಕ್ಕೆ ಯಾವ ಮುಖವಾಡ ಅಡ್ಡ ಬಂತು? ಲೋಹದ ತೋಳುಗಳಿಲ್ಲದೆ, ಬರೀ ದನಿ ಮತ್ತು ಕಣ್ಣಿನಲ್ಲಿ ಮೂಡಿದ ಭಯ ಅದು.

ಕಥೆಯ ಕಟ್ಟಡದಲ್ಲೂ ಎರಡನೆಯದು ಸಡಿಲ. ಪೀಟರ್‌ನ ಶಕ್ತಿ ಬೇಕಾದಾಗ ಮಾಯವಾಗುತ್ತದೆ, ಮೇರಿ ಜೇನ್ ಅಪಾಯಕ್ಕೆ ಸಿಕ್ಕ ಕೂಡಲೇ ಮರಳುತ್ತದೆ. ಅದಕ್ಕಿಂತ ದೊಡ್ಡ ದೂರು ಕೊನೆಯ ಬಗ್ಗೆ. ಮೊದಲ ಚಿತ್ರದಲ್ಲಿ ಬಾಲ್ಯದಿಂದ ಪ್ರೀತಿಸಿದವಳು ತಾನಾಗಿ ಬಂದು ಪ್ರೀತಿ ಹೇಳಿಕೊಂಡಾಗ ಪೀಟರ್ ಬೇಡವೆಂದು ನಡೆದುಬಿಡುತ್ತಾನೆ. ತನ್ನಿಂದ ಅವಳಿಗೆ ಕೇಡಾಗಬಾರದೆಂಬುದೇ ಕಾರಣ. ಕೋಟಿಗಟ್ಟಲೆ ಹಣ ಸುರಿದು ತೆಗೆದ ಚಿತ್ರ ಹಾಗೆ ಮುಗಿಯಲು ಧೈರ್ಯ ಬೇಕು. ಎರಡನೆಯದರಲ್ಲಿ ಅವಳು ಮದುವೆ ಬಿಟ್ಟು, ಮದುಮಗಳ ಉಡುಪಿನಲ್ಲೇ ಅವನ ಕೋಣೆಗೆ ಓಡಿ ಬರುತ್ತಾಳೆ. ಅವನು ಮಾಡಿದ್ದ ತ್ಯಾಗವನ್ನು ಚಿತ್ರವೇ ವಾಪಸು ಪಡೆಯುತ್ತದೆ. ಇದನ್ನು ಮೇಲುಗೈ ಎನ್ನಲು ನನ್ನಿಂದಾಗದು.