ಸೇವಕರಲ್ಲ, ಗುಲಾಮರು

ಶನಿವಾರದಿಂದ ಒಂದು ಪದ ತಲೆಯಲ್ಲಿ ಕೊರೆಯುತ್ತಿದೆ. ಬರೆಯದೆ ನಿದ್ದೆ ಬರುವುದಿಲ್ಲ.

ಅಮೆರಿಕದ ಮಿಸಿಸಿಪ್ಪಿ ರಾಜ್ಯದಲ್ಲಿ ಜಾಕ್ಸನ್‌ನಿಂದ ನ್ಯಾಚೆಜ್ ಊರಿಗೆ ಹೋಗಿದ್ದೆವು. ಹೆದ್ದಾರಿ ಎಂದರೆ ನನಗೆ ಆಗದು ಎಂಬುದು ನಿಮಗೆ ಗೊತ್ತೇ ಇದೆ. ಹಾಗಾಗಿ ಹಳೆಯ ಕಾಲುದಾರಿಯ ಜಾಡಿನಲ್ಲಿ ಸಾಗುವ ನ್ಯಾಚೆಜ್ ಟ್ರೇಸ್ ಎಂಬ ರಸ್ತೆ ಹಿಡಿದೆವು. ಅಲ್ಲಿ ಲಾರಿಗಳಿಗೆ ಪ್ರವೇಶವಿಲ್ಲ, ಗಂಟೆಗೆ 50 ಮೈಲಿ ದಾಟುವಂತಿಲ್ಲ. ಪೋರ್ಟ್ ಗಿಬ್ಸನ್ ಎಂಬ ಊರಿನ ಹತ್ತಿರ ಆ ಕಾಲುದಾರಿಯ ಒಂದು ತುಂಡು ಇನ್ನೂ ಉಳಿದಿದೆ. ಗಾಳಿ ತಂದು ಸುರಿದ ಮೆದು ಮಣ್ಣು, ಕಾಲು, ಗೊರಸು, ಗಾಡಿಚಕ್ರಗಳಿಗೆ ಸವೆದು ಸವೆದು ಆಳಕ್ಕೆ ಇಳಿದಿದೆ. ಒಳಗೆ ನಿಂತರೆ ಎರಡೂ ಬದಿಯ ಮಣ್ಣಿನ ಗೋಡೆ ತಲೆಗಿಂತ ಎತ್ತರ. ಬರಿದಾದ ಬೇರುಗಳು ಮುಖದ ಹತ್ತಿರವೇ ಇಳಿಬಿದ್ದಿರುತ್ತವೆ. ಸರಪಳಿ ಬಿಗಿದ ಜನರನ್ನು ಟ್ರೇಸ್‌ನ ದಾರಿಯಲ್ಲೂ ನಡೆಸಿಕೊಂಡು ಬರುತ್ತಿದ್ದರು.

ನ್ಯಾಚೆಜ್ ಇರುವುದು ಮಿಸಿಸಿಪ್ಪಿ ನದಿಯ ಎತ್ತರದ ದಂಡೆಯ ಮೇಲೆ. ಹತ್ತಿಯ ದುಡ್ಡಿನಲ್ಲಿ ಎದ್ದ ಬಿಳಿ ಕಂಬಗಳ ಬಂಗಲೆಗಳ ಊರು ಅದು. ಒಂದು ಬಂಗಲೆಗೆ ಟಿಕೆಟ್ ಕೊಂಡು ಹೋದೆವು. ಊಟದ ಮೇಜಿನ ಮೇಲೆ ಚಾವಣಿಯಿಂದ ಒಂದು ದೊಡ್ಡ ಮರದ ಹಲಗೆ ಇಳಿಬಿದ್ದಿತ್ತು. ‘ಪಂಕಾ’ ಎಂದರು ಮಾರ್ಗದರ್ಶಿ. ನಮ್ಮ ಕಡೆಯ ಪದ ಇಷ್ಟು ದೂರ ಬಂದು ಕುಳಿತಿರುವುದನ್ನು ಕಂಡು ಮೊದಲು ಖುಷಿಯೇ ಆಯಿತು. ಆಮೇಲೆ ಹಗ್ಗ ಕಂಡಿತು. ಅದು ಕೋಣೆಯ ಮೂಲೆಯವರೆಗೆ ಹೋಗಿತ್ತು. ಅಲ್ಲಿ ನಿಂತು ಎಳೆಯುತ್ತಿದ್ದವರು ಯಾರು ಎಂದು ಕೇಳಿದೆ.

‘ಸೇವಕರ ಮಗು,’ ಎಂದರು. ತಕ್ಷಣ ಬೆಳ್ಳಿ ಚಮಚಗಳ ಕಡೆಗೆ ತಿರುಗಿದರು.

ಸೇವಕರಂತೆ! ಸೇವಕನಿಗೆ ಸಂಬಳವಿರುತ್ತದೆ. ಮನಸ್ಸಿಲ್ಲದಿದ್ದರೆ ಬಿಟ್ಟು ಹೋಗುತ್ತಾನೆ. ಆ ಮೂಲೆಯಲ್ಲಿ ನಿಂತ ಮಗುವಿಗೆ ಮಾರುಕಟ್ಟೆಯಲ್ಲಿ ಬೆಲೆಯಿತ್ತು. ಚಮಚ ಮಾಡಿದವನ ಹೆಸರು ಹೇಳುವ ಬಾಯಿಗೆ ‘ಗುಲಾಮ’ ಎಂಬ ಪದ ಯಾಕೆ ಭಾರ?

ಆ ಮಾರುಕಟ್ಟೆ ಊರಿನಂಚಿನಲ್ಲೇ ಇತ್ತು: ಫೋರ್ಕ್ಸ್ ಆಫ್ ದ ರೋಡ್. ಕಾಲರಾ ಹರಡೀತೆಂಬ ಭಯಕ್ಕೆ 1833ರಲ್ಲಿ ವ್ಯಾಪಾರಿಗಳನ್ನು ಊರಾಚೆ ಕಳಿಸಿದರು. ವ್ಯಾಪಾರ ನಿಲ್ಲಲಿಲ್ಲ, ಜಾಗ ಬದಲಾಯಿತು ಅಷ್ಟೆ. 1863ರಲ್ಲಿ, ಅಂತರ್ಯುದ್ಧದ ನಡುವೆ, ಉತ್ತರದ ರಾಜ್ಯಗಳ ಯೂನಿಯನ್ ಸೈನ್ಯ ಬರುವವರೆಗೂ ಅಲ್ಲಿ ಮನುಷ್ಯರನ್ನು ಮಾರಿದರು. ಈಗ ಹುಲ್ಲು, ಕೆಲವು ಫಲಕಗಳು, ನೆಲದ ಕಾಂಕ್ರೀಟಿನಲ್ಲಿ ಹುದುಗಿಸಿದ ತುಕ್ಕು ಹಿಡಿದ ಬೇಡಿಗಳು. ಬಗ್ಗಿ ನೋಡಿದೆ. ಒಂದು ಬಳೆಯೊಳಗೆ ನನ್ನ ಮಗಳ ಮಣಿಕಟ್ಟು ಸರಿಯಾಗಿ ಹಿಡಿಯುತ್ತಿತ್ತು. ನಾವಿದ್ದ ಅರ್ಧ ಗಂಟೆಯಲ್ಲಿ ಬೇರೆ ಒಬ್ಬರೂ ಬರಲಿಲ್ಲ.

‘ರಜೆಗೆ ಬಂದವರ ಮನಸ್ಸು ಯಾಕೆ ಕೆಡಿಸಬೇಕು, ಬಂಗಲೆಯ ಅಂದ ನೋಡಿ ಹೋಗಲಿ ಬಿಡಿ’ ಎಂದರು ಜೊತೆಗೆ ಬಂದಿದ್ದ ಗೆಳೆಯರು. ಒಪ್ಪುವುದಿಲ್ಲ. ಅದೇ ಊರಿನ ಮೆಲ್ರೋಸ್ ಎಂಬ ಇನ್ನೊಂದು ಬಂಗಲೆಯಲ್ಲಿ, ಹಿಂದಿನ ಅಂಗಳದ ಗುಲಾಮರ ವಸತಿಯನ್ನೂ ಉಳಿಸಿಕೊಂಡು ತೋರಿಸುತ್ತಾರೆ. ಅಲ್ಲಿಗೂ ಜನ ಬರುತ್ತಾರೆ. ಕೇಳುವವರಿಗೆ ತಾಳ್ಮೆಯಿದೆ, ಹೇಳುವವರಿಗೆ ಮನಸ್ಸಿರಬೇಕು.

ಹಿಂದಿರುಗುವಾಗ ಕತ್ತಲಾಗಿತ್ತು. ಕಾರಿನಲ್ಲಿ ಸಿಟ್ಟಿನಿಂದ ಮಾತಾಡುತ್ತಲೇ ಇದ್ದೆ. ಇದ್ದಕ್ಕಿದ್ದಂತೆ ಅಜ್ಜನ ಮನೆಯ ಕೊಟ್ಟಿಗೆ ನೆನಪಾಗಿ ಬಾಯಿ ಕಟ್ಟಿತು. ಸೂರಿಗೆ ಸಿಕ್ಕಿಸಿಟ್ಟ ಒಂದು ಅಲ್ಯೂಮಿನಿಯಂ ತಟ್ಟೆ. ಸಾಲಕ್ಕೆ ಜೀತವಿದ್ದವರ ತಟ್ಟೆ ಅದು. 1976ರಲ್ಲಿ ಜೀತ ನಿಷೇಧದ ಕಾನೂನು ಬಂದ ಮೇಲೂ ಅವರು ನಮ್ಮ ಮನೆಯಲ್ಲೇ ಇದ್ದರು. ಅವರನ್ನು ನಾವು ‘ಮನೆಯ ಆಳು’ ಎನ್ನುತ್ತಿದ್ದೆವು. ‘ಮನೆಯವರ ಹಾಗೇ ಇದ್ದ’ ಎಂದು ಅಜ್ಜಿ ಹೇಳಿದ್ದನ್ನು ನಾನೂ ಎಷ್ಟೋ ಜನರ ಮುಂದೆ ಹೆಮ್ಮೆಯಿಂದ ಹೇಳಿದ್ದೇನೆ.

ಇವತ್ತು ಬೆಳಿಗ್ಗೆ ಅಮ್ಮನಿಗೆ ಫೋನ್ ಮಾಡಿದೆ. ಆ ತಟ್ಟೆ ಯಾರದ್ದು, ಸಾಲ ಎಷ್ಟಿತ್ತು ಎಂದು ಕೇಳಿದೆ. ಅಮ್ಮ ತುಂಬ ಹೊತ್ತು ಸುಮ್ಮನಿದ್ದು ಹೆಸರು ಹೇಳಿದರು. ಸಾಲ ಎಷ್ಟೆಂದು ಅವರಿಗೂ ಗೊತ್ತಿರಲಿಲ್ಲ.